ಲಾವಾ ನೆಲಕ್ಕೆ ಮರಳುಗಾಡು ಅನ್ನಬಹುದಾ? ಬೆಂಗಾಡು, ದೊಣೆ, ಪೊಟರೆ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ,

ಮೆಕ್ಸಿಕೋದ ಸೊನೋರಾ ರಾಜ್ಯದಲ್ಲಿ, ಅಮೆರಿಕದ ಅರಿಜೋನಾ ಗಡಿಗೆ ಅಂಟಿಕೊಂಡ ಹಾಗೆ ಎಲ್ ಪಿನಕಾತೆ ಅನ್ನೋ ಜ್ವಾಲಾಮುಖಿ ಸೀಮೆ ಇದೆ, ಅಲ್ಲಿನ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೀತಿದೀನಿ. ಮೊದಲನೇ ಸಾಲಲ್ಲೇ ತೊಡಕು. ಡೆಸರ್ಟ್ ಅಂದ ತಕ್ಷಣ ಮರಳುಗಾಡು ಅಂತ ಬರೆದುಬಿಡ್ತೀವಿ, ಆದ್ರೆ ಪಿನಕಾತೆಯ ನಡುಭಾಗ ಅಂದ್ರೆ ಹೆಪ್ಪುಗಟ್ಟಿದ ಕಪ್ಪು, ಕೆಂಪು ಲಾವಾ, ಬೂದಿ ಗುಡ್ಡಗಳು, ಎಲ್ ಎಲೆಗಾಂತೆ ಥರದ ದೊಡ್ಡ ದುಂಡು ಕುಳಿಗಳು (ಅಪೋಲೋ ಗಗನಯಾತ್ರಿಗಳು ಚಂದ್ರನಿಗೆ ಹೋಗೋ ಮೊದಲು ಭೂವಿಜ್ಞಾನದ ತರಬೇತಿಗೆ ಇಲ್ಲಿಗೂ ಬಂದಿದ್ರು). ಅದರ ಪಕ್ಕದ ಗ್ರಾನ್ ದೆಸಿಯೆರ್ತೊ ಮಾತ್ರ ನಿಜವಾದ ಮರಳುಗಾಡು, ಅಲ್ಲಿ ನಕ್ಷತ್ರದ ಆಕಾರದ ದಿಬ್ಬಗಳು 200 ಮೀಟರ್ ಎತ್ತರದವರೆಗೂ ಏಳ್ತವೆ. ಎರಡೂ ಸೇರಿ 1993ರಿಂದ ಒಂದೇ ಜೀವಗೋಳ ಮೀಸಲು ಪ್ರದೇಶ, 2013ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಎರಡಕ್ಕೂ ಮರಳುಗಾಡು ಅಂದ್ರೆ ಆ ಜಾಗದ ಚಹರೆಯೇ ಅಳಿಸಿಹೋಗುತ್ತೆ.

ನನ್ನ ಆಯ್ಕೆ ಬೆಂಗಾಡು. ಬೆನ್ನೀರು, ಬೆಂಗದಿರ ಇವುಗಳಲ್ಲಿರೋ ಬಿಸಿಯೇ ಇದರಲ್ಲೂ ಇದೆ, ಲಾವಾ ಹರಿದು ಬೆಂದ ನೆಲಕ್ಕೆ ಚೆನ್ನಾಗಿ ಹೊಂದುತ್ತೆ. ಅಳುಕು ಏನಂದ್ರೆ ಬಳಕೆಯಲ್ಲಿ ಬೆಂಗಾಡು ಅಂದ್ರೆ ಏನೂ ಬೆಳೀದ, ಯಾರಿಗೂ ಬೇಡದ ಜಾಗ. ಇಲ್ಲಿ ನೋಡಿದ್ರೆ 200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು, 540ಕ್ಕೂ ಹೆಚ್ಚು ಜಾತಿಯ ಗಿಡಗಳು. ಓದುಗರ ಮನಸ್ಸಲ್ಲಿ ಪಾಳುನೆಲ ಅಂತ ಕೂತುಬಿಟ್ರೆ ಇದನ್ನ ಯಾಕೆ ಕಾಪಾಡಬೇಕು ಅಂತ ಆಮೇಲೆ ಎಷ್ಟು ಹೇಳಿದ್ರೂ ತಲುಪಲ್ಲ, ಅದಕ್ಕೇ ಇಷ್ಟು ಯೋಚನೆ.

ಎರಡನೇದು ತಿನಾಹಾ. ಸ್ಪ್ಯಾನಿಶ್‌ನಲ್ಲಿ ಮೂಲ ಅರ್ಥ ಮಣ್ಣಿನ ಗುಡಾಣ, ಈ ಸೀಮೆಯಲ್ಲಿ ಬಂಡೆಯ ತಗ್ಗಲ್ಲಿ ಮಳೆನೀರು ನಿಲ್ಲೋ ಜಾಗಕ್ಕೆ ಹಾಗಂತಾರೆ. ಹೊಳೆ, ಕೆರೆ ಇಲ್ಲದ ಲಾವಾ ನೆಲದಲ್ಲಿ ಬೆಳವಗಳು, ಬುರ್ಲಿಗಳು, ಬಿಗ್‌ಹಾರ್ನ್ ಅನ್ನೋ ದೊಡ್ಡ ಕೊಂಬಿನ ಕಾಡಿನ ಕುರಿಗಳು ಎಲ್ಲವೂ ನೀರಿಗೆ ಬರೋದು ಇಲ್ಲಿಗೇ, ಮೂಲನಿವಾಸಿಗಳಾದ ಓಓಧಾಮ್ ಜನ ಓಡಾಡ್ತಿದ್ದಿದ್ದೂ ಈ ನೀರಿನ ತಾವುಗಳನ್ನ ನಂಬ್ಕೊಂಡೇ. ಹೊಂಡ ಅಂದ್ರೆ ಅಗೆದಿದ್ದು ಅನ್ಸುತ್ತೆ, ಕೊಳ ಅಂದ್ರೆ ತುಂಬಾ ದೊಡ್ಡದಾಯ್ತು. ನಮ್ಮಲ್ಲಿ ದೊಣೆ ಅನ್ನೋ ಪದ ಇದೆಯಲ್ಲ, ಬಂಡೆಯ ಮೇಲೆ ತಾನಾಗೇ ಆದ ನೀರಿನ ಗುಂಡಿ, ಅಕ್ಷರಶಃ ಅದೇ ವಸ್ತು! ಹೊಸಬರು ದೊನ್ನೆ ಅಂತಲೋ ದೊಣ್ಣೆ ಅಂತಲೋ ಓದಿಕೊಳ್ಳಬಹುದು, ಮೊದಲ ಸಲ ಬಂದಾಗ 'ಬಂಡೆಯ ದೊಣೆ' ಅಂತ ಬರೆದ್ರೆ ಸಾಕು ಅಂತ ನನ್ನ ಅಭಿಪ್ರಾಯ.

ಪೊಟರೆಯದ್ದು ಸ್ವಲ್ಪ ಬೇರೆ ಥರ. ಅಲ್ಲಿ ಸವಾರೊ ಅನ್ನೋ ಕಂಬದಂಥ ದೈತ್ಯ ಕಳ್ಳಿ ಬೆಳೆಯುತ್ತೆ, ಹೀಲಾ ಮರಕುಟಿಗ ಅದರ ಕಾಂಡ ಕೊರೆದು ಗೂಡು ಮಾಡುತ್ತೆ, ಕಳ್ಳಿ ತನ್ನ ಗಾಯದ ಸುತ್ತ ಗಟ್ಟಿ ತೊಗಟೆ ಕಟ್ಟಿಕೊಂಡು ತೇವ ಸೋರದ ಹಾಗೆ ಮುಚ್ಚಿಕೊಳ್ಳುತ್ತೆ. ಮರಕುಟಿಗ ಬಿಟ್ಟುಹೋದ ಆ ತೂತಿಗೆ ಎಲ್ಫ್ ಗೂಬೆ ಬಂದು ಸೇರ್ಕೊಳ್ಳುತ್ತೆ, ತೂಕ ಬರೀ 40 ಗ್ರಾಮ್ ಆಸುಪಾಸು, ಪ್ರಪಂಚದಲ್ಲೇ ಅತಿ ಹಗುರವಾದ ಗೂಬೆ ಅದು. ಕಳ್ಳಿ ಮರವಲ್ಲ, ಹಾಗಾಗಿ ಪೊಟರೆ ಅನ್ನಬಾರದು ಅಂತ ಒಬ್ಬ ಸ್ನೇಹಿತರ ತಕರಾರು. ಆದ್ರೆ 'ಮರದ ಪೊಟರೆ' ಅಂತ ಮರವನ್ನ ಬೇರೆಯಾಗಿ ಸೇರಿಸಿಯೇ ಹೇಳ್ತೀವಲ್ಲ, ಹಾಗಿದ್ಮೇಲೆ ಕಳ್ಳಿಯ ಪೊಟರೆ ಯಾಕಾಗಬಾರದು?

ಕೊನೇದಾಗಿ ಬೆಂಕಿ. ದನಕರುಗಳ ಮೇವಿಗೆ ಅಂತ ಸೊನೋರಾಕ್ಕೆ ತಂದ ಆಫ್ರಿಕಾ ಮೂಲದ ಬಫೆಲ್ ಹುಲ್ಲು ಆ ಕಡೆಯೆಲ್ಲಾ ಹಬ್ಬಿಬಿಟ್ಟಿದೆ, ಗಿಡಗಳ ನಡುವೆ ಖಾಲಿ ನೆಲ ಇದ್ದಿದ್ರಿಂದ ಮೊದಲು ಬೆಂಕಿ ಹರಡ್ತಿರಲಿಲ್ಲ, ಈಗ ಒಣಹುಲ್ಲು ಆ ಸಂದನ್ನೆಲ್ಲಾ ತುಂಬ್ತಿದೆ. ಸವಾರೊ ಬೆಂಕಿಗೆ ಒಗ್ಗಿದ ಗಿಡವಲ್ಲ, ಹಕ್ಕಿ ಗೂಡು ಕೊರೆಯೋವಷ್ಟು ದಪ್ಪ ಆಗೋಕೆ ಹಲವು ದಶಕ ಬೇಕು, ಸುಟ್ಟುಹೋದ್ರೆ ಗೂಬೆಗೆ ಮನೆಯೇ ಇಲ್ಲ. ಇದಕ್ಕೆ ಕಾಡ್ಗಿಚ್ಚು ಅಂದ್ರೆ ಓದುಗರ ಕಣ್ಣಿಗೆ ದಟ್ಟ ಕಾಡು ಬರುತ್ತೆ. ಹುಲ್ಲುಗಿಚ್ಚು ಅಂತ ಬರೆದ್ರೆ ಕೃತಕ ಅನ್ಸುತ್ತಾ? ದೊಣೆಗೆ ನಿಮ್ಮ ಕಡೆ ಬೇರೆ ಹೆಸರಿದ್ರೆ ಅದನ್ನೂ, ಯಾವ ಜಿಲ್ಲೆಯದ್ದು ಅನ್ನೋದನ್ನೂ ದಯವಿಟ್ಟು ತಿಳಿಸಿ.