ಜಿಪ್ಸಿಗೆ ಬಲೆನೋ ಎಂಜಿನ್ ಕೂರಿಸುವುದು ಸರಿಯೇ?

ಕೊಟ್ಟಿಗೆಹಾರದ ಬೆಳೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2008ರ ಮಾರುತಿ ಜಿಪ್ಸಿ ಹಾರ್ಡ್‌ಟಾಪ್ ಇದೆ. 1298 ಸಿಸಿಯ ಎಂಪಿಎಫ್‌ಐ ಪೆಟ್ರೋಲ್ ಎಂಜಿನ್. ತೋಟದೊಳಗಿನ ಕೆಸರು ದಾರಿಗೂ ಮಳೆಗಾಲದಲ್ಲಿ ಹಳ್ಳ ದಾಟುವುದಕ್ಕೂ ಇದಕ್ಕಿಂತ ನಂಬಿಕೆಯ ಗಾಡಿ ನನಗೆ ಸಿಕ್ಕಿಲ್ಲ. ಆದರೆ ಕಳೆದ ಎರಡು ವರ್ಷಗಳಿಂದ ಘಟ್ಟ ಹತ್ತುವಾಗ ಇದು ಎಳೆಯುವುದೇ ಇಲ್ಲ. ತಾಯಿಯನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಜೆ ಚಾರ್ಮಾಡಿ ಹತ್ತಿ ಮರಳುವಾಗ ಮೂರನೇ ಗೇರಿನಲ್ಲಿ ಉಸಿರು ಕಟ್ಟುತ್ತದೆ, ಎರಡಕ್ಕೆ ಇಳಿಸಿದರೆ ಎಂಜಿನ್ ಅರಚುತ್ತದೆಯೇ ಹೊರತು ವೇಗ ಇಪ್ಪತ್ತೈದನ್ನು ದಾಟುವುದಿಲ್ಲ, ಹಿಂದೆ ಬಸ್ಸಿನವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ. ಆರು ಮೂಟೆ ಗೊಬ್ಬರ ಹೇರಿದರಂತೂ ನಮ್ಮ ಮನೆಯ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಹತ್ತಿಸಬೇಕು. ಮನೆಯಂಗಳಕ್ಕೆ ಬರುವ ಹೊತ್ತಿಗೆ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಗಾಡಿಯೊಳಗೆಲ್ಲ ತುಂಬಿರುತ್ತದೆ.

ನಮ್ಮ ಗ್ಯಾರೇಜಿನವರು ಹಳೆಯ ಬಲೆನೋ ಕಾರಿನ 1.6 ಲೀಟರ್ ಎಂಜಿನ್ ಗುಜರಿಯಲ್ಲಿ ಸಿಗುತ್ತದೆ, ಜಿಪ್ಸಿಯ ಗೇರ್‌ಬಾಕ್ಸಿಗೆ ಹೊಂದುತ್ತದೆ, ಎಲ್ಲ ಸೇರಿ ಒಂದೂವರೆ ಲಕ್ಷದಲ್ಲಿ ಮುಗಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಸ್ವಿಫ್ಟಿನ ಡೀಸೆಲ್ ಎಂಜಿನ್ ಕೂರಿಸಿದರೆ ಇನ್ನೂ ಒಳ್ಳೆಯದೆಂದು ಮತ್ತೊಬ್ಬರು ಹೇಳಿದರು. ಗಾಡಿಗೆ 235/75 ಆರ್15 ಟೈರು, ಮುಂದೆ ಕಬ್ಬಿಣದ ಬಂಪರ್, ವಿಂಚ್ ಮತ್ತು ಮೇಲೆ ಕ್ಯಾರಿಯರ್ ಇವೆ. ಇವೆಲ್ಲವನ್ನೂ ಮೂರು ವರ್ಷದ ಹಿಂದೆ ಹಾಕಿಸಿದ್ದು. 2023ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಿಸಿಕೊಂಡಿದ್ದೇನೆ. ಈ ಗಾಡಿಯನ್ನು ಮಾರುವ ಮನಸ್ಸಿಲ್ಲ. ಎಂಜಿನ್ ಬದಲಾಯಿಸಲೇ, ಬೇಡವೇ? ಸ್ವತಃ ಮಾಡಿಸಿದವರು ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಲೀಫ್‌ಸ್ಪ್ರಿಂಗ್

ಬೆಳೆಗಾರರೇ, ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎಂಜಿನ್ ಅಲ್ಲ, ಟೈರು. ಕಂಪನಿಯಿಂದ ಬಂದ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ.; ನೀವು ಹಾಕಿಸಿರುವುದರ ವ್ಯಾಸ ಸುಮಾರು 733. ಅಂದರೆ ಚಕ್ರ ಶೇಕಡಾ ಹತ್ತರಷ್ಟು ದೊಡ್ಡದಾಗಿದೆ, ಗಾಡಿಯ ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗಿವೆ, ಅಂದರೆ ಎಳೆತ ಕಡಿಮೆಯಾಗಿದೆ. ಈ ಎಂಜಿನ್ ಹೊಸದಾಗಿದ್ದಾಗ ಕೊಡುತ್ತಿದ್ದದ್ದು 80 ಬಿಎಚ್‌ಪಿ ಮತ್ತು 103 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಅದೂ 4500 ಆರ್‌ಪಿಎಂನಲ್ಲಿ. ದೊಡ್ಡ ಚಕ್ರದ ಲೆಕ್ಕ ಹಿಡಿದರೆ ನೆಲಕ್ಕೆ ಮುಟ್ಟುವ ಎಳೆತ 94 ನ್ಯೂಟನ್ ಮೀಟರಿನ ಎಂಜಿನ್ ಇದ್ದಂತಾಯಿತು. ಅದರ ಮೇಲೆ, ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದರೆ ಗಾಳಿ ತೆಳುವಾಗುವುದರಿಂದ ಇನ್ನೊಂದು ಹತ್ತರಷ್ಟು ಬಲ ಕಳೆದುಕೊಳ್ಳುತ್ತದೆ. ನೀವಿರುವುದು ಹೆಚ್ಚು ಕಡಿಮೆ ಅದೇ ಎತ್ತರದಲ್ಲಿ. ಬಂಪರ್, ವಿಂಚ್, ಕ್ಯಾರಿಯರ್ ಸೇರಿ ಒಬ್ಬ ದಪ್ಪ ಆಳನ್ನು ಸದಾ ಕೂರಿಸಿಕೊಂಡು ಓಡಾಡುವಷ್ಟು ಭಾರ. ಒಂದು ಟನ್ನಿನ ಆಸುಪಾಸಿನ ಹಗುರ ಗಾಡಿಗೆ ಇದು ಸಣ್ಣ ಹೊರೆಯಲ್ಲ.

ಇವೆಲ್ಲ ಇದ್ದರೂ ಎರಡನೇ ಗೇರಿನಲ್ಲಿ ಇಪ್ಪತ್ತೈದು ದಾಟುವುದಿಲ್ಲವೆಂದರೆ ಅದು ಸಹಜವಲ್ಲ. ಎರಡು ವರ್ಷಗಳಿಂದ ಹೀಗಾಗಿದೆ ಎಂದು ನೀವೇ ಬರೆದಿದ್ದೀರಿ. ಟೈರು ಹಾಕಿಸಿ ಮೂರು ವರ್ಷವಾಯಿತು. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಏನೋ ಕೆಟ್ಟಿದೆ. ಅದನ್ನು ಹುಡುಕದೆ ಎಂಜಿನ್ ಇಳಿಸುವುದು ನನಗೆ ಸರಿಕಾಣುವುದಿಲ್ಲ.

ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಅಳೆಯಿಸಿ. ಈ ಎಂಜಿನ್ನಿಗೆ ಆರೋಗ್ಯದ ಅಳತೆ ಚದರ ಸೆಂ.ಮೀ.ಗೆ ಸುಮಾರು 14 ಕೆ.ಜಿ., 12ಕ್ಕಿಂತ ಇಳಿಯಬಾರದು, ಸಿಲಿಂಡರುಗಳ ನಡುವೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಮೇಲೇರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಸೋರುತ್ತಿದೆ ಎಂದು ತಿಳಿಯಬಹುದು. ಎರಡು ವರ್ಷದ ಹಿಂದೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದರೆ ಗುರುತುಗಳು ಸರಿಯಾಗಿ ಕೂತಿವೆಯೇ ನೋಡಿಸಿ, ಏಕೆಂದರೆ ಒಂದೇ ಒಂದು ಹಲ್ಲು ತಪ್ಪಿದರೂ ಗಾಡಿ ಓಡುತ್ತದೆ, ಆದರೆ ಬಲ ಹೋಗಿರುತ್ತದೆ. ಸೈಲೆನ್ಸರಿನ ಮುಂದಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ಬರುತ್ತದೆ. ಕೊನೆಗೆ ಜಾಕ್ ಕೊಟ್ಟು ನಾಲ್ಕೂ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ. ಮಲೆನಾಡಿನ ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಿನ ಡ್ರಮ್ ಸದಾ ಅರ್ಧ ಹಿಡಿದುಕೊಂಡೇ ಇರುವ ಜಿಪ್ಸಿಗಳನ್ನು ನಾನು ಅನೇಕ ಸಲ ಕಂಡಿದ್ದೇನೆ.

ಮನೆಯ ಏರಿಗೆ ಇನ್ನೊಂದು ಮಾತು. ನಿಮ್ಮ ಮುಂದಿನ ಚಕ್ರಗಳ ಹಬ್ಬಿನಲ್ಲಿ ಕೈಯಿಂದ ತಿರುಗಿಸುವ ಗುಂಡಿ ಇದ್ದರೆ ಅದನ್ನು ಫ್ರೀ ಮಾಡಿ, ಟ್ರಾನ್ಸ್‌ಫರ್ ಲಿವರನ್ನು (ಗೇರ್ ಲಿವರಿನ ಪಕ್ಕದ ಫೋರ್ ವೀಲ್ ಡ್ರೈವ್ ಲಿವರ್) ಫೋರ್-ಲೋಗೆ ಹಾಕಿ. ಎಳೆಯುವುದು ಹಿಂದಿನ ಚಕ್ರಗಳು ಮಾತ್ರ, ಆದರೆ ಗೇರು ಸುಮಾರು 1.6 ಪಟ್ಟು ಗಿಡ್ಡವಾಗಿರುತ್ತದೆ. ಗಟ್ಟಿ ರಸ್ತೆಯಲ್ಲಿಯೂ ಮುಂದಿನ ಆಕ್ಸಲ್ ಬಿಗಿಯುವ ಭಯವಿಲ್ಲ. ಹಿಂದಿನ ಆಕ್ಸಲ್ ಒಂದೇ ಎಲ್ಲ ಬಲವನ್ನೂ ಹೊರುವುದರಿಂದ ಕಾಲು ಮೆತ್ತಗಿರಲಿ. ಬಲೆನೋ ಎಂಜಿನ್ ಕೊಡುವ ಹೆಚ್ಚುವರಿ ಎಳೆತ ಕಾಲು ಪಾಲಿನಷ್ಟು ಮಾತ್ರ. ಆ ಏರಿನ ಮಟ್ಟಿಗೆ ಈ ಲಿವರ್ ಅದಕ್ಕಿಂತ ಹೆಚ್ಚನ್ನು ಪುಕ್ಕಟೆಯಾಗಿ ಕೊಡುತ್ತದೆ.

ಆರ್‌ಸಿ ಓದಿ

ಮೇಲಿನವರು ಎಂಜಿನ್ನಿನ ಸಂಗತಿ ಹೇಳಿದ್ದಾರೆ, ನಾನು ಕಾಗದದ ಸಂಗತಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಕೆಟ್ಟ ಎಂಜಿನ್ನಿನ ಬದಲಿಗೆ ಅದೇ ತಯಾರಕರ ಅದೇ ಬಗೆಯ ಎಂಜಿನ್ ಹಾಕಿ, ಆರ್‌ಟಿಓ ಅನುಮತಿಯೊಂದಿಗೆ ಹೊಸ ನಂಬರನ್ನು ಆರ್‌ಸಿಗೆ ಸೇರಿಸಿಕೊಳ್ಳುವ ದಾರಿ ಬೇರೆ. 1298 ಸಿಸಿಯ ಜಾಗಕ್ಕೆ 1590 ಸಿಸಿ ಕೂರಿಸುವುದು ಬೇರೆ. ಬಲೆನೋ ಕೂಡ ಮಾರುತಿಯದೇ ಅಲ್ಲವೇ ಎಂದು ಗ್ಯಾರೇಜಿನವರು ಹೇಳಬಹುದು. ತಯಾರಕರು ಒಂದೇ ಆದರೂ ಬಗೆ ಒಂದೇ ಅಲ್ಲ, ಜಿಪ್ಸಿಯನ್ನು ಆ ಎಂಜಿನ್ನಿನೊಂದಿಗೆ ಇಲ್ಲಿ ಮಾರಿದ್ದೂ ಇಲ್ಲ. ಡೀಸೆಲ್ಲಾದರೆ ಇಂಧನದ ನಮೂದೂ ಬದಲಾಗುವುದರಿಂದ ತೊಡಕು ಇಮ್ಮಡಿಯಾಗುತ್ತದೆ.

ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಆದರೆ ನನಗೆ ದಂಡಕ್ಕಿಂತ ವಿಮೆಯದೇ ಚಿಂತೆ. ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ನಿನ ಸಿಸಿಯ ಮೇಲೆ ನಿಂತಿದೆ: 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1000ದಿಂದ 1500 ಸಿಸಿವರೆಗಿನ ಖಾಸಗಿ ಕಾರಿಗೆ 3,416 ರೂಪಾಯಿ, 1500 ದಾಟಿದರೆ 7,897. ನೀವು ಕೆಳಗಿನ ದರ ಕಟ್ಟಿ ಮೇಲಿನ ವರ್ಗದ ಎಂಜಿನ್ ಓಡಿಸುತ್ತಿದ್ದೀರಿ ಎಂಬುದು ಅಪಘಾತದ ಮರುದಿನ ಸರ್ವೇಯರ್ ಬಾನೆಟ್ ಎತ್ತಿದಾಗ ಗೊತ್ತಾದರೆ, ಕ್ಲೇಮ್ ತಳ್ಳಿಹಾಕಲು ಅವರಿಗೆ ಬೇರೆ ಕಾರಣ ಬೇಕಾಗುವುದಿಲ್ಲ. ತಾಯಿಯವರನ್ನು ಕೂರಿಸಿಕೊಂಡು ಘಟ್ಟದಲ್ಲಿ ಓಡಾಡುವ ಗಾಡಿ ಇದು. ಮುಂದಿನ ನವೀಕರಣ ಬರುವುದು 2028ರಲ್ಲಿ. ಆಗ ಇನ್‌ಸ್ಪೆಕ್ಟರ್ ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಆರ್‌ಸಿಯೊಂದಿಗೆ ತಾಳೆ ನೋಡದೆ ಬಿಡುವುದಿಲ್ಲ. ಗುಜರಿ ಎಂಜಿನ್ನಿಗೆ ಕೊಂಡ ದಾಖಲೆ ಇಲ್ಲದಿದ್ದರೆ ಅದು ಎಲ್ಲಿಂದ ಬಂತೆಂಬ ಪ್ರಶ್ನೆಗೂ ನೀವೇ ಉತ್ತರಿಸಬೇಕು.

ಹಾಗೆಯೇ, ಮುಂದಿನ ಕಬ್ಬಿಣದ ಬಂಪರ್ ಬುಲ್‌ಬಾರ್ (ಮುಂದೆ ಚಾಚಿದ ಕೊಳವೆಗಳ ಅಡ್ಡಪಟ್ಟಿ) ಮಾದರಿಯದಾಗಿದ್ದರೆ ಅದನ್ನೂ ತೆಗೆಸುವುದು ಒಳ್ಳೆಯದು. ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಬರೆದಿದೆ.

ಎರಡು ಜಿಪ್ಸಿ

ಮಾಡಿಸಿದವರು ತಿಳಿಸಿ ಎಂದು ಕೇಳಿದ್ದೀರಿ, ನಾನು ಮಾಡಿಸಿದ್ದೇನೆ. ರಸ್ತೆಗೆ ಇಳಿಸದೆ ತೋಟದೊಳಗೆ ಮಾತ್ರ ಓಡಿಸುವ ಹಳೆಯ ಗಾಡಿಗೆ ಇದೇ ಬಲೆನೋ ಎಂಜಿನ್ ಕೂರಿಸಿ ನಾಲ್ಕು ವರ್ಷವಾಯಿತು. ಚೆನ್ನಾಗಿ ಎಳೆಯುತ್ತದೆ ಎಂಬುದು ನಿಜ. ಜಿಪ್ಸಿಯ ಎಂಜಿನ್ನಿನಲ್ಲಿ ಬೋರ್ (ಸಿಲಿಂಡರಿನ ವ್ಯಾಸ) 74, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ.; ಬಲೆನೋದಲ್ಲಿ ಬೋರ್ 75, ಸ್ಟ್ರೋಕ್ 90. ಹೆಚ್ಚಿದ ಸಿಸಿಯ ಬಹುಪಾಲು ಬಂದಿರುವುದು ಉದ್ದವಾದ ಸ್ಟ್ರೋಕಿನಿಂದ, ಆದ್ದರಿಂದಲೇ ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಸಿಗುತ್ತದೆ. ಎರಡೂ ಒಂದೇ ಮನೆತನದ ಎಂಜಿನ್ನುಗಳಾದ್ದರಿಂದ ಗೇರ್‌ಬಾಕ್ಸಿಗೆ ಕೂಡಿಸುವುದು ಕಷ್ಟವಾಗಲಿಲ್ಲ.

ಕಷ್ಟವೆಲ್ಲ ಆಮೇಲಿನದು. ಬಲೆನೋದಲ್ಲಿ ಎಂಜಿನ್ ಅಡ್ಡಲಾಗಿ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಮುಂದಿನ ಆಕ್ಸಲ್ಲಿಗೆ ತಾಗುತ್ತಿತ್ತು, ಜಿಪ್ಸಿಯ ಸಂಪನ್ನೂ ಆಯಿಲ್ ಎಳೆಯುವ ಪೈಪನ್ನೂ ಹೊಂದಿಸಬೇಕಾಯಿತು. ಡಿಸ್ಟ್ರಿಬ್ಯೂಟರ್ ಹಿಂದಿನ ಗೋಡೆಗೆ ಒತ್ತುತ್ತಿತ್ತು. ಮೌಂಟಿಂಗ್ ಹೊಸದಾಗಿ ಬೆಸುಗೆ ಹಾಕಿಸಿದೆವು, ರೇಡಿಯೇಟರ್ ಸಾಲದೆ ದೊಡ್ಡದನ್ನು ತಂದೆವು, ಎಕ್ಸಾಸ್ಟನ್ನು ಮೂರು ಸಲ ಕಡಿದು ಕೂಡಿಸಿದೆವು. ಇವೆಲ್ಲವೂ ಕೈಕೆಲಸ, ಮುಗಿಯುವಂಥವು. ಮುಗಿಯದೆ ಕಾಡಿದ್ದು ವೈರಿಂಗ್. ಬಲೆನೋದ ಈಸಿಯುವನ್ನು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅದರ ವೈರಿಂಗಿನೊಂದಿಗೇ ತಂದಿದ್ದರೂ, ಮಳೆಗಾಲದಲ್ಲಿ ಒಂದು ಕನೆಕ್ಟರಿನೊಳಗೆ ಹಸಿರು ಕಿಲುಬು ಹಿಡಿದು ಗಾಡಿ ನಡುತೋಟದಲ್ಲಿ ನಿಂತುಬಿಡುತ್ತಿತ್ತು. ಯಾವ ತಂತಿ ಯಾವುದಕ್ಕೆ ಸೇರಿದ್ದೆಂದು ಅದನ್ನು ಜೋಡಿಸಿದವರನ್ನು ಬಿಟ್ಟು ಬೇರೆ ಯಾರಿಗೂ ತಿಳಿಯದು. ಎರಡು ಮಳೆಗಾಲ ಇದರಲ್ಲೇ ಕಳೆಯಿತು. ಒಪ್ಪಿಕೊಂಡ ಹಣದ ಹತ್ತಿರ ಹತ್ತಿರ ಎರಡರಷ್ಟು ಖರ್ಚಾಯಿತು. ಆ ಹಳೆಯ ಬಲೆನೋ ಸೆಡಾನಿನ ಮಾರಾಟ ನಿಂತದ್ದು 2007ರಲ್ಲಿ, ಹೀಗಾಗಿ ಈಗ ಸೆನ್ಸರ್ ಒಂದು ಕೆಟ್ಟರೂ ಗುಜರಿ ಅಲೆಯಬೇಕು.

ನನ್ನ ಇನ್ನೊಂದು ಜಿಪ್ಸಿ ರಸ್ತೆಗೆ ಹೋಗುವಂಥದ್ದು. ಅದಕ್ಕೆ ನಾನು ಇಂದಿಗೂ ಮೂಲ ಎಂಜಿನ್ನನ್ನೇ ಉಳಿಸಿಕೊಂಡಿದ್ದೇನೆ. ಸ್ವಿಫ್ಟಿನ ಡೀಸೆಲ್ ಎಂಜಿನ್ನಿನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ 2000 ಆರ್‌ಪಿಎಂನಲ್ಲೇ ಸಿಗುತ್ತದೆಂಬ ಆಸೆ ನನಗೂ ಇತ್ತು. ಆದರೆ 103ಕ್ಕೆಂದು ಮಾಡಿದ ಗೇರ್‌ಬಾಕ್ಸ್ ಮತ್ತು ಆಕ್ಸಲ್ಲುಗಳ ಮೇಲೆ, ಅದರಲ್ಲೂ ಲೋ ಗೇರಿನಲ್ಲಿ, ಅಷ್ಟು ಬಲ ಹೇರಲು ನನಗೆ ಧೈರ್ಯ ಬರಲಿಲ್ಲ.

ಕೊಟ್ಟಿಗೆಹಾರದ ಬೆಳೆಗಾರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಮಾಡಿ ನೋಡಿದ ಮೇಲೆ ಬರೆಯಬೇಕೆಂದಿತ್ತು.

ಕಂಪ್ರೆಷನ್ ಒಂದನೇ ಸಿಲಿಂಡರಿನಿಂದ ಕ್ರಮವಾಗಿ 12.5, 12, 9 ಮತ್ತು 12.5 ಬಂತು. ಮೂರನೆಯದಕ್ಕೆ ಆಯಿಲ್ ಬಿಟ್ಟು ಅಳೆದಾಗ 11.5ಕ್ಕೆ ಏರಿತು, ಅದರ ಪ್ಲಗ್ ಮಾತ್ರ ಕಪ್ಪಾಗಿ ಎಣ್ಣೆ ಜಿನುಗುತ್ತಿತ್ತು. ಟೈಮಿಂಗ್ ಗುರುತು ಸರಿಯಾಗಿದೆ. ಎಡಗಡೆಯ ಹಿಂದಿನ ಚಕ್ರವನ್ನು ಒಂದು ಕೈಯಲ್ಲಿ ತಿರುಗಿಸಲು ಆಗಲೇ ಇಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ಹೊರಗಿನ ಹೊದಿಕೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಡ್ರಮ್ ನೀಲಿ ಬಣ್ಣಕ್ಕೆ ತಿರುಗಿತ್ತು. ಇಷ್ಟು ದಿನ ಬ್ರೇಕ್ ಹಿಡಿದುಕೊಂಡೇ ಘಟ್ಟ ಹತ್ತಿಸಿದ್ದೇನೆ ಎಂದು ತಿಳಿದಾಗ ಬಹಳ ಬೇಸರವಾಯಿತು. ಕೇಬಲ್, ಡ್ರಮ್ ಮತ್ತು ಶೂ ಬದಲಾಯಿಸಿ, ವಿಂಚನ್ನೂ ಬಂಪರನ್ನೂ ಬಿಚ್ಚಿಸಿ, ಸ್ನೇಹಿತರೊಬ್ಬರಿಂದ 205ರ ಟೈರುಗಳನ್ನು ಎರವಲು ತಂದು ಹಾಕಿ ಮೊನ್ನೆ ಚಾರ್ಮಾಡಿ ಹತ್ತಿಸಿದೆ. ಮೂರನೇ ಸಿಲಿಂಡರ್ ಸೋರುತ್ತಿರುವಾಗಲೇ, ಮೊದಲು ಎರಡಕ್ಕೆ ಇಳಿಸಬೇಕಾಗಿದ್ದ ಎಷ್ಟೋ ಕಡೆ ಗಾಡಿ ಮೂರನೇ ಗೇರಿನಲ್ಲಿ ಎಳೆಯಿತು. ಮನೆಯ ಏರಿಗೆ ಹಬ್ ಫ್ರೀ ಮಾಡಿ ಲೋ ಗೇರಿನಲ್ಲಿ ಆರು ಮೂಟೆ ಹೇರಿಕೊಂಡು ಬಂದೆ. ಕ್ಲಚ್ಚಿನ ಮೇಲೆ ಕಾಲಿಡುವ ಅಗತ್ಯವೇ ಬರಲಿಲ್ಲ.

ಬಲೆನೋ ಎಂಜಿನ್ ಬೇಡವೆಂದು ಗ್ಯಾರೇಜಿನವರಿಗೆ ತಿಳಿಸಿದ್ದೇನೆ. ಇರುವ ಎಂಜಿನ್ನನ್ನೇ ಕಾಫಿ ಕೊಯ್ಲು ಶುರುವಾಗುವ ಮುಂಚೆ ಬಿಚ್ಚಿಸುತ್ತೇನೆ. ಲೀಫ್‌ಸ್ಪ್ರಿಂಗ್ ಅವರಲ್ಲಿ ಒಂದು ಪ್ರಶ್ನೆ ಉಳಿದಿದೆ: ಬೋರ್ ಮಾಡಿಸುವುದಾದರೆ (ಸಿಲಿಂಡರನ್ನು ಕೊರೆದು ಅಗಲ ಮಾಡುವುದು) 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಸಾಕೇ, ಅಥವಾ ಲೇತಿನವರು ಹೇಳುವಂತೆ ನೇರವಾಗಿ 0.50ಕ್ಕೆ ಹೋಗಬೇಕೇ?

ಲೀಫ್‌ಸ್ಪ್ರಿಂಗ್

ಬ್ಲಾಕನ್ನು ಅಳೆಯದೆ ಪಿಸ್ಟನ್ ಕೊಳ್ಳಬೇಡಿ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ ಮತ್ತು ಕೆಳಗೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬೋರ್ ಗೇಜಿನಿಂದ ಅಳೆಯಿಸಿ, ಆರೂ ಅಂಕಿಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬೋರ್ ಸವೆಯದೆ ರಿಂಗ್ ಮಾತ್ರ ಮುರಿದಿದ್ದರೆ ಹೋನ್ ಮಾಡಿ (ಗೋಡೆಯನ್ನು ನಯವಾಗಿ ಉಜ್ಜಿ) ಹೊಸ ರಿಂಗ್ ಹಾಕಿದರೆ ಸಾಕಾಗಬಹುದು. ಗೀರು ಬಿದ್ದಿದ್ದರೆ 0.25ರಲ್ಲಿ ಅದು ಹೋಗುತ್ತದೆಯೇ ನೋಡಿ, ಹೋಗದಿದ್ದರೆ ಮಾತ್ರ 0.50. ಹಾಗೆ ಮಾಡಿದರೆ ಇನ್ನೊಂದು ಸಲ ಬೋರ್ ಮಾಡಿಸುವಷ್ಟು ಲೋಹ ಆ ಬ್ಲಾಕಿನಲ್ಲಿ ಉಳಿಯುತ್ತದೆ. ಹೆಡ್ ಕೆಳಗಿಳಿದಾಗಲೇ ವಾಲ್ವ್ ಸೀಲ್, ವಾಟರ್ ಪಂಪ್ ಮತ್ತು ಟೈಮಿಂಗ್ ಬೆಲ್ಟ್ ಹೊಸದನ್ನು ಹಾಕಿಸಿಬಿಡಿ. ಅಳತೆ ಬಂದ ಮೇಲೆ ಅಂಕಿಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.