ಪದಚರ್ಚೆ: ಓವರೇಜ್‌ಗೆ ‘ಕೊಸರು’ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಕ್ಲಿನಿಕಲ್ ಟ್ರಯಲ್ (ಮದ್ದನ್ನು ಜನರಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನ) ಒಂದರ ಔಷಧ ಸರಬರಾಜಿನ ಬಜೆಟ್ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದಬೇಕಾದವರು ಇಂಥ ಟ್ರಯಲ್‌ಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಆಸ್ಪತ್ರೆಯ ಎಥಿಕ್ಸ್ ಕಮಿಟಿಯವರು. ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಈ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು, ಅವರಲ್ಲೊಬ್ಬರು ಜನಸಾಮಾನ್ಯರ ಪರವಾಗಿ ಕೂರುವವರು. ಪಟ್ಟಿ ಮುಖ್ಯವಾಗಿ ಅವರಿಗೆ ಅರ್ಥವಾಗಬೇಕು.

ಬಜೆಟ್ ಅನ್ನು ಬಜೆಟ್ ಅಂತಲೇ ಬಿಟ್ಟಿದ್ದೇನೆ. ‘ಆಯವ್ಯಯ’ ಅನ್ನೋಣವೆಂದರೆ ಇಲ್ಲಿ ಆಯವೇ ಇಲ್ಲ, ಬರೀ ವ್ಯಯ. ಪ್ಲಸೀಬೊಗೆ, ಅಂದರೆ ಹೋಲಿಕೆಗೆಂದು ಕೆಲವರಿಗೆ ಕೊಡುವ, ನೋಡಲು ಮದ್ದಿನಂತಿದ್ದರೂ ಮದ್ದಿಲ್ಲದ್ದಕ್ಕೆ, ‘ಹುಸಿಮದ್ದು’ ಹೊಂದಿತು. ‘ಹುಸಿಗುಳಿಗೆ’ ಅಂದರೆ ಇಂಜೆಕ್ಷನ್‌ಗೆ ಕೂಡುವುದಿಲ್ಲ. ತೊಡಕಾಗಿರುವುದು ‘ಓವರೇಜ್’, ಅಂದರೆ ಲೆಕ್ಕಕ್ಕಿಂತ ಜಾಸ್ತಿ ತಯಾರಿಸಿಡುವ ಮದ್ದು.

ಉದಾಹರಣೆಗೆ 200 ಜನರಿಗೆ ತಲಾ 6 ಬಾಟಲಿ ಅಂದರೆ ಲೆಕ್ಕಕ್ಕೆ 1,200 ಸಾಕು. ಆದರೆ ಅಷ್ಟೇ ತಯಾರಿಸಿದರೆ ಟ್ರಯಲ್ ನಡುವೆ ನಿಂತುಹೋಗುತ್ತದೆ. ಯಾವ ಆಸ್ಪತ್ರೆಗೆ ಎಷ್ಟು ಜನ ಸೇರುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಮೊದಲ ರೋಗಿ ಬರುವ ಮುಂಚೆಯೇ ಎಲ್ಲ ಕಡೆಯೂ ದಾಸ್ತಾನು ಇರಬೇಕು. ಬರುವವರಿಗೆ ಅಸಲಿ ಬೀಳುತ್ತದೋ ಹುಸಿ ಬೀಳುತ್ತದೋ ಹೇಳಲಾಗದ್ದರಿಂದ ಎರಡನ್ನೂ ಇಟ್ಟುಕೊಂಡಿರಬೇಕು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಮದ್ದಾದರೆ ಫ್ರಿಜ್ ಕೈಕೊಟ್ಟ ದಿನ ಅಲ್ಲಿದ್ದದ್ದು ಬಳಸಲು ಬಾರದೆ ಹೋಗಬಹುದು. ಎಕ್ಸ್‌ಪೈರಿ ಬೇರೆ. ಇಷ್ಟಕ್ಕೂ ಸೇರಿಸಿ ಮೇಲೆ ಹಾಕುವ ಪಾಲೇ ಓವರೇಜ್. ಮದ್ದು ದುಬಾರಿಯಾದಷ್ಟೂ ಬಜೆಟ್ಟಿನಲ್ಲಿ ಜಗ್ಗಾಟ ನಡೆಯುವುದು ಈ ಸಾಲಿನ ಮೇಲೆಯೇ.

ನನಗೆ ಮೊದಲು ಹೊಳೆದದ್ದು ‘ಕೊಸರು’. ಚಿಕ್ಕ ಪದ, ಪಟ್ಟಿಯ ಅಂಕಣದಲ್ಲಿ ಕೂರುತ್ತದೆ. ಆದರೆ ಸೊಪ್ಪಿನವಳು ಹಾಕುವ ಕೊಸರಿಗೆ ಕಾಸಿಲ್ಲ. ಇದಕ್ಕೆ ಪ್ರಾಯೋಜಕರು ಪೂರ್ತಿ ದುಡ್ಡು ತೆರಬೇಕು. ಓದಿದವರು ಪುಕ್ಕಟೆ ಅಂದುಕೊಂಡರೆ ಕಷ್ಟ. ಅಕ್ಕಸಾಲಿಗರ ‘ತೇಮಾನು’ ಕೂಡ ನೆನಪಾಯಿತು, ಅದು ಕೆಲಸದಲ್ಲಿ ಸವೆದುಹೋದ ಪಾಲು. ಓವರೇಜ್‌ನ ಬಹುಪಾಲು ಸವೆಯುವುದಿಲ್ಲ, ಬಳಕೆಯಾಗದೆ ಉಳಿಯುತ್ತದೆ. ‘ಕಾಪು ದಾಸ್ತಾನು’ (ಬಫರ್ ಸ್ಟಾಕ್) ಅರ್ಥಕ್ಕೆ ಹತ್ತಿರ, ಆದರೆ ಪಡಿತರದ ಗೋದಾಮಿನ ವಾಸನೆ ಹೊಡೆಯುತ್ತದೆ. ಅಲ್ಲದೆ ಹಾಳಾಗುವ ಪಾಲು ಅದರಲ್ಲಿ ಬರುವುದಿಲ್ಲ. ‘ಹೆಚ್ಚುವರಿ’ ಅಂದರೆ ಬೇಕಿಲ್ಲದಿದ್ದರೂ ತರಿಸಿದಂತೆ ಕೇಳುತ್ತದೆ. ಸದ್ಯಕ್ಕೆ ‘ಮುಂಜಾಗ್ರತೆ ಪಾಲು’ ಎಂದು ಬರೆದಿದ್ದೇನೆ. ತಪ್ಪಿಲ್ಲ, ರುಚಿಯೂ ಇಲ್ಲ.

ಇದಕ್ಕೇ ಅಂಟಿದ ಇನ್ನೊಂದು ಸಾಲು: ಉಳಿದದ್ದನ್ನು ಎಣಿಸಿ, ವಾಪಸು ತರಿಸಿ, ಸುಟ್ಟು, ದಾಖಲೆ ಇಡುವ ಖರ್ಚು. ‘ವಿಲೇವಾರಿ’ ಎಂದಿದ್ದೆ. ಕಚೇರಿಯಲ್ಲಿ ಕಡತವನ್ನೂ ವಿಲೇವಾರಿ ಮಾಡುತ್ತಾರಲ್ಲ, ಮಾರಿಬಿಟ್ಟರು ಎಂದೂ ತಿಳಿಯಬಹುದು. ‘ನಾಶಪಡಿಸುವ ವೆಚ್ಚ’ ಅಂತ ನೇರವಾಗಿ ಬದಲಿಸಿದೆ.

ಬಳಗದಲ್ಲಿ ಔಷಧ ಉಗ್ರಾಣ, ಔಷಧದಂಗಡಿಗಳಲ್ಲಿ ಕೆಲಸ ಮಾಡಿದವರಿದ್ದರೆ ಹೇಳಿ: ಹಾಳಾದೀತು, ಸಾಲದೆ ಬಂದೀತು ಎಂದು ಇಂಡೆಂಟ್‌ನಲ್ಲಿ ಜಾಸ್ತಿ ಬರೆಯುವ ಪಾಲಿಗೆ ನಿಮ್ಮ ಕಡೆ ಏನೆನ್ನುತ್ತಾರೆ? ಉತ್ತರ ಕರ್ನಾಟಕದವರ, ಕರಾವಳಿಯವರ ಮಾತು ಬೇರೆ ಇರಬಹುದು. ‘ಕೊಸರು’ ಎಂದರೆ ನಿಮಗೂ ಪುಕ್ಕಟೆ ಎಂದೇ ಕೇಳುತ್ತದೆಯೇ?