ಪವರ್ ಕಂಡೀಷನರ್ ಹಾಕಿದರೆ ಸ್ಟೀರಿಯೋ ಸದ್ದು ಸುಧಾರಿಸುತ್ತಾ?

ಮಲ್ನಾಡ್ ಕಿವಿ:
60 ವಾಟ್ ಆ್ಯಂಪ್, ಟರ್ನ್‌ಟೇಬಲ್, ಡಿಶ್ ಸೆಟ್‌ಟಾಪ್ ಬಾಕ್ಸ್ ಇವೆ. ಮನೆಗೆ ತ್ರೀ ಫೇಸ್ ಕನೆಕ್ಷನ್, ವೋಲ್ಟೇಜ್ 190ರಿಂದ 245ರವರೆಗೆ ಏರಿಳಿಯುತ್ತೆ. ಸ್ಪೀಕರಿನಲ್ಲಿ ಸದಾ ಗುಂಯ್ ಅನ್ನುತ್ತೆ. ಇನ್ವರ್ಟರ್ ಮೇಲೆ ಓಡುವಾಗ ಆ್ಯಂಪ್ ಡಬ್ಬಿಯೇ ಗುರುಗುಡುತ್ತೆ. 35 ಸಾವಿರದ ಪವರ್ ಕಂಡೀಷನರ್ (ಕರೆಂಟಿನಲ್ಲಿ ಬರೋ ಗಲಾಟೆ ಸೋಸುವ ಡಬ್ಬಿ) ಹಾಕಿದರೆ ಎಲ್ಲ ಹೋಗಿ ಬೇಸ್ ಬಿಗಿಯಾಗುತ್ತೆ ಅಂತಾರೆ ಅಂಗಡಿಯವರು. ತಗೊಳ್ಳಲಾ?

ಬೆಸುಗೆ ಕಡ್ಡಿ:
ಸದ್ಯಕ್ಕೆ ಬೇಡ ಸರ್. ಮೊದಲು ಗುಂಯ್ ಎಲ್ಲಿಂದ ಬರುತ್ತಿದೆ ನೋಡಿ. ಆ್ಯಂಪ್ ಆಫ್ ಮಾಡಿ, ಹಿಂದಿನ ಇನ್‌ಪುಟ್ ವೈರ್ ಎಲ್ಲ ಕಿತ್ತು, ಸ್ಪೀಕರ್ ಮಾತ್ರ ಬಿಟ್ಟು ಆನ್ ಮಾಡಿ. ಆಗಲೂ ಗುಂಯ್ ಇದ್ದರೆ ಆ್ಯಂಪಿನದೇ ದೋಷ, ಹೆಚ್ಚಾಗಿ ಹಳೆಯ ಫಿಲ್ಟರ್ ಕೆಪಾಸಿಟರ್. ಇಲ್ಲವಾದರೆ ಒಂದೊಂದೇ ಸೇರಿಸುತ್ತ ಬನ್ನಿ. ಟರ್ನ್‌ಟೇಬಲಿನ ತೆಳು ಗ್ರೌಂಡ್ ವೈರ್ ಆ್ಯಂಪಿನ ಜಿಎನ್‌ಡಿ ಸ್ಕ್ರೂಗೆ ಬಿಗಿದಿದೆಯಾ? ಸೆಟ್‌ಟಾಪಿನಿಂದ ಡಿಶ್ ಕೇಬಲ್ ತೆಗೆದ ಕೂಡಲೇ ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯಿಂದ ಅರ್ತ್ ಸೇರಿ ಆದ ಸುತ್ತಿನಲ್ಲಿ ಕರೆಂಟ್ ಹರಿದು ಬರೋ ಗುಂಯ್. ಆ್ಯಂಪಿಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ಅದರಲ್ಲೇ ಕೊಡಿ, ಇಲ್ಲದಿದ್ದರೆ ಆರ್‌ಸಿಎ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಸದ್ದನ್ನು ದಾಟಿಸಿ ಗ್ರೌಂಡ್ ಕೊಂಡಿ ಕಡಿಯುವ ಡಬ್ಬಿ) ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಕತ್ತರಿಸಬೇಡಿ. ಒಳಗೆ ಫೇಸ್ ವೈರ್ ಬಾಡಿಗೆ ತಾಗಿದ ದಿನ ಮುಟ್ಟಿದವರಿಗೆ ಶಾಕ್.

ರೆಕ್ಟಿಫೈಯರ್:
ಬೇಸ್ ಬಿಗಿಯಾಗೋದು ಮಾರಾಟದ ಮಾತು. ಆ್ಯಂಪ್ ಎಸಿಯನ್ನು ಡಿಸಿ ಮಾಡಿಕೊಂಡೇ ಕೆಲಸ ಮಾಡುತ್ತೆ. ಅದೂ ಕರೆಂಟ್ ಎಳೆಯೋದು ಸೆಕೆಂಡಿಗೆ 100 ಸಲ, ಅಲೆಯ ತುದಿಯಲ್ಲಿ ಮಾತ್ರ. ಕಂಡೀಷನರಿನ ಚೋಕ್ (ಒಳಗಿನ ತಂತಿ ಸುರುಳಿ) ಸಣ್ಣದಿದ್ದರೆ ಆ ಎಳೆತಕ್ಕೆ ಅಡ್ಡ ಬಂದು ಬೇಸ್ ಸೊರಗೀತು, ಬಿಗಿಯಾಗೋದಿರಲಿ.

ವೋಲ್ಟೇಜ್ ವಿಷಯ ನಿಜ. ರೆಗ್ಯುಲೇಶನ್ ಇಲ್ಲದ ಮಾಮೂಲಿ ಪವರ್ ಸಪ್ಲೈ ಆದರೆ, 230ಕ್ಕೆ 60 ವಾಟ್ ಕೊಡೋ ಆ್ಯಂಪ್ 190ರಲ್ಲಿ ಸುಮಾರು 41 ವಾಟ್‌ಗೇ ಕ್ಲಿಪ್ ಆಗುತ್ತೆ, ಅಂದರೆ ಅಲೆಯ ತುದಿ ಕತ್ತರಿಸಿದಂತಾಗಿ ಸದ್ದು ಒಡೆಯುತ್ತೆ. ಆದರೂ ಜೋರಾಗಿ ಹಾಕಿದಾಗ ಮಾತ್ರ ಗೊತ್ತಾಗೋದು. ಅದಕ್ಕೆ 1 ಕೆವಿಎ ಸರ್ವೋ ಸ್ಟೆಬಿಲೈಸರ್ ಸಾಕು. ರಿಲೇ ಮಾದರಿಯದು ಹಾಡಿನ ನಡುವೆ ಟಕ್ ಟಕ್ ಅನ್ನುತ್ತೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ ಇರುವ) ಆ್ಯಂಪ್ ಆಗಿದ್ದು ಹಿಂದೆ 100-240 ಅಂತ ಬರೆದಿದ್ದರೆ ಅದೂ ಬೇಡ.

ಇನ್ವರ್ಟರ್ ಗುರುಗುಟ್ಟುವಿಕೆ ಸ್ಕ್ವೇರ್ ವೇವ್‌ನದು, ಟ್ರಾನ್ಸ್‌ಫಾರ್ಮರ್ ಕೋರ್ ಅದುರುತ್ತೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿ.

ಗುಡುಗು:
ಸಿಡಿಲಿಗೆ ಯಾವ ಕಂಡೀಷನರನ್ನೂ ನಂಬಬೇಡಿ. ಮೋಡ ಕಟ್ಟಿದಾಗಲೇ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕೀಳಿ. ಮಲ್ಟಿಮೀಟರ್ ಎಸಿಗೆ ಇಟ್ಟು ಸಾಕೆಟ್ಟಿನಲ್ಲಿ ನ್ಯೂಟ್ರಲ್–ಅರ್ತ್ ನಡುವೆ ಎಷ್ಟಿದೆ ನೋಡಿ. 2-3 ವೋಲ್ಟ್ ಒಳಗಿರಬೇಕು.

ಮಲ್ನಾಡ್ ಕಿವಿ:
ಡಿಶ್ ಕೇಬಲ್ ತೆಗೆದರೆ ಗುಂಯ್ ಇಲ್ಲ! ನ್ಯೂಟ್ರಲ್–ಅರ್ತ್ 11 ತೋರಿಸ್ತಿದೆ. ಗೀಸರ್ ಹಾಕಿದರೆ 16.

ರೆಕ್ಟಿಫೈಯರ್:
ಹಾಗಿದ್ದರೆ ಸ್ಟೆಬಿಲೈಸರ್ ಖರೀದಿಯನ್ನೂ ತಡೆಯಿರಿ. ಲೋಡಿನ ಜೊತೆ ಏರುತ್ತಿದೆ ಅಂದರೆ ನ್ಯೂಟ್ರಲ್ ಎಲ್ಲೋ ಸಡಿಲ ಇರಬಹುದು. ನಿಮ್ಮ 190–245 ಏರಿಳಿತಕ್ಕೂ ಅದೇ ಕಾರಣ ಇದ್ದೀತು. ನ್ಯೂಟ್ರಲ್ ಪೂರ್ತಿ ಬಿಟ್ಟುಹೋದರೆ ತ್ರೀ ಫೇಸ್ ಮನೆಯ ಸಾಕೆಟ್ಟಿಗೆ 400ರ ಹತ್ತಿರ ಬರಬಹುದು, ಫ್ರಿಜ್, ಟಿವಿ ಎಲ್ಲ ಸುಡುತ್ತೆ. ನೀವೇ ಬಿಚ್ಚಬೇಡಿ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಬೋರ್ಡಿನಿಂದ ಮೇನ್ ಸ್ವಿಚ್‌ವರೆಗಿನ ನ್ಯೂಟ್ರಲ್ ಜಾಯಿಂಟ್ ನೋಡಿಸಿ.